ಮೂಗು ತಿದ್ದಿಸಲು ವಿದೇಶಕ್ಕೆ: ಹುಬ್ಬಳ್ಳಿ-ಧಾರವಾಡ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಒಂದು ಕಿವಿ-ಮೂಗು-ಗಂಟಲು ಕ್ಲಿನಿಕ್ಕಿನ ಕೌಂಟರ್‌ನಲ್ಲಿ ಕೂರುವವಳು. "ಒಂದ್ ಮಾತ್ ಕೇಳ್ಲೇನ್ರಿ ಮೇಡಂ?" ಅಂತ ಸಣ್ಣ ದನಿಯಲ್ಲಿ ಶುರುವಾಗುವ ಪ್ರಶ್ನೆಗಳಲ್ಲಿ ಈಗೀಗ ಮೂಗಿನವೇ ಜಾಸ್ತಿ. ಕೇಳುವವರು ಹುಬ್ಬಳ್ಳಿಯವರಷ್ಟೇ ಅಲ್ಲ, ಗದಗ, ಹಾವೇರಿ ಕಡೆಯವರೂ ಇದ್ದಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮ್ಮ ಮೂಗಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದನ್ನು ಮಾತ್ರ ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು.

ಈ ಆಪರೇಷನ್‌ನಲ್ಲಿ ಮೂಗಿಗೆ ಏನು ಮಾಡುತ್ತಾರೆ?

ಮೂಗಿನ ಮೇಲಿನ ಮೂರನೇ ಒಂದು ಭಾಗ ಮಾತ್ರ ಗಟ್ಟಿ ಎಲುಬು. ಅದರ ಕೆಳಗೆಲ್ಲ ಮೆದು ಎಲುಬು. ಡಾಕ್ಟರ್ ಚರ್ಮ ಎತ್ತಿ ಈ ಒಳಗಿನ ಚೌಕಟ್ಟನ್ನು ತಿದ್ದುತ್ತಾರೆ. ದಿಂಡಿನ ಮೇಲೆ ಉಬ್ಬಿದ್ದರೆ ಉಜ್ಜಿ ಇಳಿಸುತ್ತಾರೆ. ಅಗಲವಿದ್ದರೆ ಎರಡೂ ಬದಿಯ ಎಲುಬು ಕತ್ತರಿಸಿ ಒಳಕ್ಕೆ ತರುತ್ತಾರೆ. ತುದಿ ಜೋತಿದ್ದರೆ ಒಳಗೆ ಹೊಲಿಗೆ ಹಾಕಿ ಎತ್ತುತ್ತಾರೆ. ಎತ್ತರ ಬೇಕಿದ್ದರೆ ಮೂಗಿನ ನಡುಗೋಡೆಯಿಂದಲೋ, ಕಿವಿಯಿಂದಲೋ, ಪಕ್ಕೆಲುಬಿನಿಂದಲೋ ಮೆದು ಎಲುಬು ತೆಗೆದು ಕೂರಿಸುತ್ತಾರೆ.

ಗಾಯವೆಲ್ಲ ಹೊಳ್ಳೆಯ ಒಳಗೇ ಇದ್ದರೆ ಅದು ಕ್ಲೋಸ್ಡ್. ಎರಡು ಹೊಳ್ಳೆಗಳ ನಡುವಿನ ಕಂಬದ ಮೇಲೂ ಒಂದು ಸಣ್ಣ ಗೀರು ಹಾಕಿದರೆ ಓಪನ್. ಹೆಚ್ಚಾಗಿ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಎರಡು-ಮೂರು ಗಂಟೆಯ ಕೆಲಸ. ಪಕ್ಕೆಲುಬು ತೆಗೆಯುವುದಿದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ.

ಇಲ್ಲಿ ಒಂದು ಮಾತು. ಡಾಕ್ಟರ್ ಚೌಕಟ್ಟನ್ನು ತಿದ್ದಬಹುದು, ಚರ್ಮದ ದಪ್ಪವನ್ನು ಅಷ್ಟಾಗಿ ಬದಲಿಸಲಾಗದು. ನಮ್ಮಲ್ಲಿ ಬಹಳ ಜನರ ಮೂಗಿನ ತುದಿಯ ಚರ್ಮ ದಪ್ಪ. ಒಳಗೆ ಎಷ್ಟೇ ಸೂಕ್ಷ್ಮವಾಗಿ ಕೆತ್ತಿದರೂ ಮೇಲೆ ಅಷ್ಟು ಚೂಪಾಗಿ ಕಾಣುವುದಿಲ್ಲ. ಬಾವು ಇಳಿಯುವುದೂ ನಿಧಾನ.

ಹುಬ್ಬಳ್ಳಿ-ಧಾರವಾಡದಲ್ಲೇ ಆಗುವುದಿಲ್ಲವೇ? ಅಷ್ಟು ದೂರ ಯಾಕೆ ಹೋಗುತ್ತಾರೆ?

ಆಗುತ್ತದೆ. ಅವಳಿನಗರದಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳೂ ಇಎನ್‌ಟಿ ಸರ್ಜನ್‌ಗಳೂ ಇದ್ದಾರೆ. ಸೀಳು ತುಟಿಯೊಂದಿಗೆ ಹುಟ್ಟಿದ ಮಕ್ಕಳ ಮೂಗನ್ನು ಸರಿಪಡಿಸುವ ಕೆಲಸಕ್ಕೆ ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಹೆಸರಾಗಿದೆ. ಬೆಳಗಾವಿ, ಬೆಂಗಳೂರು, ಮುಂಬೈ ಇನ್ನೂ ಇದ್ದೇ ಇವೆ.

ಅಗ್ಗ ಅಂತ ವಿದೇಶಕ್ಕೆ ಹೋಗುವುದಾದರೆ ಆ ಲೆಕ್ಕ ನಮಗೆ ಹೊಂದುವುದಿಲ್ಲ. ಲಂಡನ್ನಿನವರು ಟರ್ಕಿಯ ಇಸ್ತಾಂಬುಲ್‌ಗೆ ಹೋಗುವುದು ತಮ್ಮ ಊರಿಗಿಂತ ಅಲ್ಲಿ ಕಡಿಮೆ ಅಂತ. ಹುಬ್ಬಳ್ಳಿಯವರಿಗೆ ಅದೇ ಇಸ್ತಾಂಬುಲ್ ದುಬಾರಿ. ನಮ್ಮವರು ಹೇಳುವ ನಿಜವಾದ ಕಾರಣಗಳು ಬೇರೆ. ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಸರ್ಜನ್ ಕೆಲಸ ನೋಡಿ ಮನಸ್ಸು ಹೋಗಿರುತ್ತದೆ. ಅಣ್ಣನೋ ಅಕ್ಕನೋ ದುಬೈನಲ್ಲಿ ಇರುತ್ತಾರೆ. ಅಥವಾ ಓಣಿಯ ಜನಕ್ಕೆ ಗೊತ್ತಾಗಬಾರದು, ಅಷ್ಟೇ. ಈ ಮೂರನೆಯದು ಎಲ್ಲಕ್ಕಿಂತ ಜಾಸ್ತಿ. ಆದರೆ ಓಣಿಯವರ ಕಣ್ಣು ತಪ್ಪಿಸಲು ಬೆಂಗಳೂರೇ ಸಾಕಲ್ವಾ?

ಅಂದಹಾಗೆ, ಈ ವಿದ್ಯೆ ಇಲ್ಲಿಂದಲೇ ಅತ್ತ ಹೋಗಿದ್ದು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಅವನ ಹಣೆಯ ಚರ್ಮ ಇಳಿಸಿ ಪುಣೆ ಕಡೆಯ ವೈದ್ಯರೊಬ್ಬರು ಹೊಸ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅದರ ಚಿತ್ರ ಸಮೇತ ವಿವರ ಬಂತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಅದೇ ರೀತಿ ಮಾಡಿ 1816ರಲ್ಲಿ ಬರೆದು ಪ್ರಕಟಿಸಿದರು.

ಯಾವ ದೇಶ ಒಳ್ಳೆಯದು?

ದೇಶ ನೋಡಬೇಡಿ, ಆ ಸರ್ಜನ್ ದಿನಾ ಎಂಥ ಮೂಗು ಮಾಡುತ್ತಾರೆ ನೋಡಿ. ದಕ್ಷಿಣ ಕೊರಿಯಾದ ಸೋಲ್ ನಗರದ ಗಂಗ್ನಂ ಪ್ರದೇಶದಲ್ಲಿ, ಬ್ಯಾಂಕಾಕ್‌ನಲ್ಲಿ ಹೆಚ್ಚಾಗಿ ಬರುವವರು ಮೂಗಿನ ದಿಂಡು ಎತ್ತರಿಸಿಕೊಳ್ಳಲು. ಅದಕ್ಕೆ ಅಲ್ಲಿ ಸಿಲಿಕೋನ್ ತುಂಡು ಕೂರಿಸುವುದು ಬಹಳ ಬಳಕೆಯಲ್ಲಿದೆ. ಇಸ್ತಾಂಬುಲ್, ಟೆಹ್ರಾನ್‌ಗಳಲ್ಲಿ ತದ್ವಿರುದ್ಧ: ಉಬ್ಬು ಇಳಿಸುವುದು, ದೊಡ್ಡ ಮೂಗು ಸಣ್ಣದು ಮಾಡುವುದು. ನಿಮ್ಮದು ಉಬ್ಬಿದ ಮೂಗಾಗಿದ್ದು ನೀವು ಸೋಲ್‌ಗೆ ಹೋದರೆ, ದಿನವೂ ಎತ್ತರಿಸುವವರ ಕೈಗೆ ಇಳಿಸುವ ಕೆಲಸ ಕೊಟ್ಟಂತೆ.

ಸಿಲಿಕೋನ್ ಬಗ್ಗೆ ತಿಳಿದುಕೊಂಡೇ ಒಪ್ಪಿಕೊಳ್ಳಿ. ಅದರಿಂದ ಆಪರೇಷನ್ ಬೇಗ ಮುಗಿಯುತ್ತದೆ, ಬೇರೆ ಕಡೆ ಗಾಯವಿಲ್ಲ. ಆದರೆ ಅದು ಹೊರಗಿನ ವಸ್ತು. ವರ್ಷಗಳ ಮೇಲೂ ಸೋಂಕು ಆಗಬಹುದು, ಜಾರಬಹುದು, ತುದಿಯ ಚರ್ಮ ತೆಳುವಾಗಿ ಹೊರಗೆ ಇಣುಕಬಹುದು. ಸ್ವಂತ ಮೆದು ಎಲುಬಿಗೆ ಈ ತೊಂದರೆ ಕಡಿಮೆ, ಆದರೆ ಅದು ಸ್ವಲ್ಪ ಕರಗಬಹುದು, ಪಕ್ಕೆಲುಬಿನದಾದರೆ ಸೊಟ್ಟಗಾಗಲೂಬಹುದು.

ಒಟ್ಟು ಖರ್ಚು ಹೇಗೆ ಲೆಕ್ಕ ಹಾಕುವುದು?

ಏಜೆಂಟ್ ಹೇಳುವ ಪ್ಯಾಕೇಜ್ ದರ ಬರೀ ಶುರು. ಅದಕ್ಕೆ ಇಷ್ಟನ್ನು ಸೇರಿಸಿ: ಜೊತೆಗೆ ಬರುವವರ ಟಿಕೆಟ್ಟು, ಎರಡು ವಾರದ ರೂಮು-ಊಟ, ವೀಸಾ, ಔಷಧಿ, ಇಬ್ಬರ ರಜೆಯಲ್ಲಿ ಹೋಗುವ ಸಂಬಳ. ಆಮೇಲೆ ಎರಡನೇ ಸಲ ಹೋಗಬೇಕಾಗಿ ಬಂದರೆ ಇದೆಲ್ಲ ಇನ್ನೊಮ್ಮೆ. ಎರಡನೇ ಪ್ರಯಾಣದ ಹಣ ಪಕ್ಕಕ್ಕೆ ಎತ್ತಿಡಲು ಆಗದಿದ್ದರೆ ಮೊದಲನೆಯದಕ್ಕೂ ಹೊರಡಬೇಡಿ ಅಂತಲೇ ನಾನು ಹೇಳುತ್ತೇನೆ. ಮೂಗಿನ ಆಪರೇಷನ್‌ನಲ್ಲಿ ಮತ್ತೆ ತಿದ್ದಿಸಿಕೊಳ್ಳಬೇಕಾಗಿ ಬರುವುದು ಅಪರೂಪವಲ್ಲ. ಒಳ್ಳೆಯ ಸರ್ಜನ್‌ಗಳೂ ಇದನ್ನು ಮೊದಲೇ ಹೇಳುತ್ತಾರೆ.

ಬ್ಯಾಂಕಿನ ಮೂಲಕ ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಮಿತಿ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್. ಅಷ್ಟು ಯಾರಿಗೂ ಬೇಕಾಗುವುದಿಲ್ಲ. 2025ರ ಏಪ್ರಿಲ್‌ನಿಂದ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲಷ್ಟೇ ಬ್ಯಾಂಕಿನವರು ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತಾರೆ. ಹಿಡಿದ ಹಣವನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತಗೊಳ್ಳಬಹುದು. ಇನ್ನು ಇಲ್ಲೇ ಮಾಡಿಸಿದರೆ, ಬರೀ ಅಂದಕ್ಕಾಗಿ ಮಾಡುವ ಆಪರೇಷನ್‌ಗೆ 18% ಜಿಎಸ್‌ಟಿ ಇದೆ. ಹುಟ್ಟಿನಿಂದ ಬಂದ ಊನ ಅಥವಾ ಪೆಟ್ಟಿನಿಂದ ಕೆಟ್ಟ ಮೂಗಿಗೆ ಅದು ಇಲ್ಲ.

ಇನ್ಶೂರೆನ್ಸ್ ಬರುತ್ತದೆಯೇ?

ಇಲ್ಲ. ಅಂದಕ್ಕಾಗಿ ಮಾಡಿಸಿದ್ದಕ್ಕೆ ನಮ್ಮ ಆರೋಗ್ಯ ವಿಮೆಗಳು ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರ ಮತ್ತೆ ಕಟ್ಟುವ ಆಪರೇಷನ್ ಬೇರೆ ಮಾತು. ಪ್ರವಾಸದ ವಿಮೆಯೂ ಮೊದಲೇ ಯೋಚಿಸಿಕೊಂಡು ಹೋದ ಚಿಕಿತ್ಸೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. "ಎಲ್ಲಾ ಕವರ್ ಆಗ್ತದ್ರಿ" ಅಂದ ಏಜೆಂಟ್‌ಗೆ ಪಾಲಿಸಿಯಲ್ಲಿ ಆ ಸಾಲು ಎಲ್ಲಿದೆ ತೋರಿಸಲು ಹೇಳಿ.

ಮೂಗಿನ ಗೋಡೆ ಸೊಟ್ಟ ಇದೆ, ಉಸಿರಾಟಕ್ಕೂ ತೊಂದರೆ. ಎರಡೂ ಒಟ್ಟಿಗೆ ಆಗುತ್ತದೆಯೇ?

ಆಗುತ್ತದೆ, ಬಹಳ ಸಲ ಒಟ್ಟಿಗೇ ಮಾಡುತ್ತಾರೆ. ಆದರೆ ನಡುಗೋಡೆ ನೇರ ಮಾಡುವುದು ಚಿಕಿತ್ಸೆ, ಆಕಾರ ಬದಲಿಸುವುದು ಅಂದ. ವಿಮೆಯವರು ಎರಡನ್ನೂ ಬೇರೆ ಬೇರೆ ನೋಡುತ್ತಾರೆ. ಇಲ್ಲೇ ಸಿ.ಟಿ. ಸ್ಕ್ಯಾನ್ ಮಾಡಿಸಿ, ಉಸಿರಾಟದ ತೊಂದರೆ ಎಷ್ಟಿದೆ ಅಂತ ತಿಳಿದುಕೊಂಡೇ ಮುಂದಿನ ಯೋಚನೆ ಮಾಡಿ. ಗೋಡೆ ನೇರವಾಗಿ ಉಸಿರು ಸರಾಗವಾದ ಮೇಲೆ ಆಕಾರದ ಆಸೆ ಬಿಟ್ಟವರನ್ನೂ ನೋಡಿದ್ದೇನೆ.

ಪಾಸ್‌ಪೋರ್ಟ್, ವೀಸಾ ಹೇಗೆ?

ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ನಮ್ಮ ವಿಮಾನ ನಿಲ್ದಾಣದಿಂದ ಹೊರದೇಶಕ್ಕೆ ನೇರ ವಿಮಾನವಿಲ್ಲ, ಬೆಂಗಳೂರು ಅಥವಾ ಮುಂಬೈ ಮೂಲಕವೇ ಹೋಗಬೇಕು.

2024ರ ಜುಲೈನಲ್ಲಿ ಥಾಯ್ಲೆಂಡ್ ನಮ್ಮವರಿಗೆ 60 ದಿನದವರೆಗೆ ವೀಸಾ ಇಲ್ಲದೆ ಬರಲು ಬಿಟ್ಟಿತು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯ ಪುಟ ನೋಡಿ. ದಕ್ಷಿಣ ಕೊರಿಯಾದಲ್ಲಿ ಚಿಕಿತ್ಸೆಗೆಂದೇ ಬೇರೆ ವೀಸಾ ಇದೆ, ಅದರ ಹೆಸರು ಸಿ-3-3. ಟರ್ಕಿಯ ಇ-ವೀಸಾ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಯುರೋಪಿನ ಶೆಂಗೆನ್ ದೇಶಗಳ ವೀಸಾ ಅಥವಾ ವಾಸದ ಪರವಾನಗಿ ಇದ್ದವರಿಗೆ ಮಾತ್ರ. ಉಳಿದವರು ಪಾಸ್‌ಪೋರ್ಟ್ ಕೊಟ್ಟು ಸ್ಟಿಕ್ಕರ್ ವೀಸಾ ತಗೊಳ್ಳಬೇಕು. "ಟೂರಿಸ್ಟ್ ಅಂತ ಹೇಳ್ರಿ, ಸಾಕು" ಅನ್ನುವ ಸಲಹೆ ಕೇಳಬೇಡಿ. ವಾಪಸ್ ಬರುವಾಗ ಮುಖದ ಮೇಲೆ ಪಟ್ಟಿ ಇರುತ್ತದೆ.

ಎಷ್ಟು ದಿನ ಅಲ್ಲಿರಬೇಕು? ವಿಮಾನ ಯಾವಾಗ ಹತ್ತಬಹುದು?

ಎರಡು ವಾರ ಇಟ್ಟುಕೊಳ್ಳಿ. ಮೊದಲ ಎರಡು-ಮೂರು ದಿನ ಕಣ್ಣಿನ ಸುತ್ತ ಬಾವು, ನೀಲಿ. ಮೂಗಿನಿಂದ ಉಸಿರಾಡಲು ಆಗದು, ಬಾಯಿ ಒಣಗುತ್ತದೆ, ನಿದ್ದೆ ಸರಿಯಾಗಿ ಬರುವುದಿಲ್ಲ. ತಲೆಗೆ ಎರಡು ದಿಂಬು ಇಟ್ಟು ಅಂಗಾತ ಮಲಗಬೇಕು. ಹೆಚ್ಚುಕಡಿಮೆ ಒಂದು ವಾರಕ್ಕೆ ಹೊರಗಿನ ಸ್ಪ್ಲಿಂಟ್, ಅಂದರೆ ಮೂಗಿನ ಮೇಲಿನ ಗಟ್ಟಿ ಪಟ್ಟಿ, ತೆಗೆಯುತ್ತಾರೆ. ಓಪನ್ ಆಗಿದ್ದರೆ ಹೊಲಿಗೆಯನ್ನೂ ಆಗಲೇ ಬಿಚ್ಚುತ್ತಾರೆ. ನೀಲಿ ಹೋಗಲು ಎರಡು ವಾರ ಬೇಕು.

ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಮುಖದ ಇಂಥ ಆಪರೇಷನ್ ಆದ ಮೇಲೆ 7ರಿಂದ 10 ದಿನ ವಿಮಾನ ಹತ್ತಬೇಡಿ ಅನ್ನುತ್ತದೆ. ಅದು ಕನಿಷ್ಠ. ನಾಲ್ಕು ದಿನಕ್ಕೆ ವಾಪಸ್ ಕಳಿಸುವ ಪ್ಯಾಕೇಜ್ ಕಂಡರೆ ಅಲ್ಲಿಗೇ ಬಿಡಿ. ರಕ್ತ ಒಸರುವ ಭಯ ಹೆಚ್ಚಿರುವುದು ಮೊದಲ ಎರಡು ವಾರದಲ್ಲಿ. ವಿಮಾನದ ಒಣ ಗಾಳಿಯಲ್ಲಿ ಒಂಬತ್ತು-ಹತ್ತು ಗಂಟೆ ಕೂತಾಗ ಮೂಗಿನಿಂದ ರಕ್ತ ಸುರಿದರೆ ಯಾರು ನೋಡುತ್ತಾರೆ? ಆಪರೇಷನ್ ಆದ ದೇಹ ಅಷ್ಟು ಹೊತ್ತು ಅಲುಗಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಎದ್ದು ಓಡಾಡಿ, ನೀರು ಕುಡಿಯಿರಿ. ಸೂಟ್‌ಕೇಸ್ ಎತ್ತುವ ಕೆಲಸ ಜೊತೆಗಿದ್ದವರದು.

ಡಾಕ್ಟರ್ ಸರಿಯಾದವರು ಅಂತ ಇಲ್ಲಿಂದಲೇ ಹೇಗೆ ತಿಳಿಯುವುದು?

ಮೊದಲು ಆ ದೇಶದ ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಅವರ ಹೆಸರು, ಅವರ ವಿಭಾಗ ಹುಡುಕಿ. ಟರ್ಕಿಯಲ್ಲಿ ಹೊರದೇಶದ ರೋಗಿಗಳನ್ನು ನೋಡುವ ಆಸ್ಪತ್ರೆಗೆ ಆರೋಗ್ಯ ಸಚಿವಾಲಯದ ಪ್ರತ್ಯೇಕ ಅನುಮತಿ ಪತ್ರ ಬೇಕು. ಕೊರಿಯಾದಲ್ಲೂ ಅಂಥ ಆಸ್ಪತ್ರೆಗಳು ನೋಂದಣಿ ಮಾಡಿಸಿರಬೇಕು. ಅದರ ಪ್ರತಿ ಕೇಳಿ. ಆಸ್ಪತ್ರೆಗಳ ಗುಣಮಟ್ಟ ನೋಡುವ ಜೆಸಿಐ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಇದ್ದರೆ ಒಳ್ಳೆಯದು, ಆದರೆ ಅದು ಕಟ್ಟಡಕ್ಕೆ, ವ್ಯವಸ್ಥೆಗೆ ಸಿಕ್ಕಿದ್ದು. ನಿಮ್ಮ ಮೂಗಿಗೆ ಕೈ ಹಾಕುವವರ ಪಳಗಿದ ಕೈಗೆ ಅಲ್ಲ.

ಕೊರಿಯಾದಲ್ಲಿ ಒಂದು ಹಗರಣ ವರ್ಷಗಟ್ಟಲೆ ನಡೆದಿತ್ತು. ಹೆಸರಾಂತ ಸರ್ಜನ್ ಜೊತೆ ಮಾತಾಡಿಸಿ, ರೋಗಿ ನಿದ್ದೆಗೆ ಹೋದ ಮೇಲೆ ಬೇರೆಯವರಿಂದ ಕೊಯ್ಯಿಸುವುದು. ಆ ಗಲಾಟೆಯ ಮೇಲೇ 2023ರ ಸೆಪ್ಟೆಂಬರ್‌ನಿಂದ, ಎಚ್ಚರ ತಪ್ಪಿಸಿ ಮಾಡುವ ಆಪರೇಷನ್ ಕೋಣೆಗಳಲ್ಲಿ ಸಿಸಿಟಿವಿ ಕಡ್ಡಾಯ ಮಾಡಿದರು. ಆದರೆ ಚಿತ್ರೀಕರಣ ಬೇಕು ಅಂತ ರೋಗಿಯೇ ಕೇಳಬೇಕು. ಕೇಳಿ. ಯಾವ ದೇಶವಾದರೂ ಸರಿ, "ಆಪರೇಷನ್ ಮಾಡುವವರು ಇಂಥವರೇ" ಅಂತ ಒಪ್ಪಿಗೆ ಪತ್ರದಲ್ಲಿ ಬರೆಸಿ. ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿರಲಿ. ಕನ್ನಡದಲ್ಲಿ ಸಿಗುವುದಿಲ್ಲ, ಇಂಗ್ಲಿಷ್‌ನಲ್ಲಾದರೂ ಇರಲೇಬೇಕು. ಹಿಂದಿನ ದಿನವೇ ತರಿಸಿಕೊಳ್ಳಿ. ಆಪರೇಷನ್ ಬಟ್ಟೆ ಹಾಕಿಕೊಂಡ ಮೇಲೆ ಯಾರಿಗೂ ಓದುವ ತಾಳ್ಮೆ ಇರುವುದಿಲ್ಲ.

ಫೋಟೋ ನೋಡುವಾಗ ಒಂದು ವರ್ಷದ ನಂತರದವನ್ನು ಕೇಳಿ. ಸ್ಪ್ಲಿಂಟ್ ತೆಗೆದ ದಿನದ ರೀಲ್‌ನಲ್ಲಿ ಎಲ್ಲರ ತುದಿಯೂ ಮೇಲಕ್ಕೇ ಇರುತ್ತದೆ, ಎಲ್ಲರ ಕಣ್ಣಲ್ಲೂ ನೀರೇ. ಒಂದು ವರ್ಷದ ಮೇಲೆ ಅದು ಎಲ್ಲಿಗೆ ಬಂದು ನಿಂತಿದೆ ಅನ್ನುವುದೇ ಕೆಲಸದ ಗುರುತು.

ವಾಪಸ್ ಬಂದ ಮೇಲೆ ತೊಂದರೆಯಾದರೆ ಇಲ್ಲಿಯವರು ನೋಡುತ್ತಾರೆಯೇ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಹಳ ಜನ ಬಂದ ಮೇಲೆ ಕೇಳುತ್ತಾರೆ.

ತುರ್ತು ಇದ್ದರೆ ಖಂಡಿತ ನೋಡುತ್ತಾರೆ. ಎರಡೂ ಹೊಳ್ಳೆ ಒಮ್ಮೆಗೇ ಕಟ್ಟಿ, ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ ನಡುಗೋಡೆಯಲ್ಲಿ ರಕ್ತ ಸೇರಿರಬಹುದು. ಅದನ್ನು ಬೇಗ ತೆಗೆಯದಿದ್ದರೆ ಗೋಡೆಯ ಮೆದು ಎಲುಬು ಸತ್ತು ಮೂಗು ಕುಸಿಯುತ್ತದೆ. ನಿಲ್ಲದ ರಕ್ತ, ಜ್ವರ, ಕೀವು, ಚರ್ಮ ಕಪ್ಪಾಗುವುದು, ಮೂಗಿನಿಂದ ತಿಳಿ ನೀರು ಸೋರುತ್ತ ತಲೆನೋವು, ಕಾಲಿನ ಬಾವು, ಎದೆ ಬಿಗಿತ: ಇವಕ್ಕೆಲ್ಲ ವಾಟ್ಸಾಪ್ ಉತ್ತರಕ್ಕೆ ಕಾಯಬೇಡಿ. ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಸತ್ತೂರಿನ ಎಸ್‌ಡಿಎಂ ಇದೆ, ಗದಗಿನವರಿಗೆ ಅಲ್ಲಿಯ ಸರಕಾರಿ ಆಸ್ಪತ್ರೆ ಜಿಮ್ಸ್ ಇದೆ. ನೇರ ಹೋಗಿ.

ಕಷ್ಟ ಬರುವುದು ತುರ್ತಲ್ಲದ ವಿಷಯಕ್ಕೆ. ತುದಿ ಒಂದು ಕಡೆ ವಾಲಿದೆ, ಒಂದು ಹೊಳ್ಳೆ ಮೇಲಿದೆ, ಶಿಳ್ಳೆಯಂಥ ಸದ್ದು ಬರುತ್ತದೆ. ಇಲ್ಲಿಯ ಸರ್ಜನ್‌ಗೆ ಒಳಗೆ ಏನು ಕತ್ತರಿಸಿದ್ದಾರೆ, ಏನು ಕೂರಿಸಿದ್ದಾರೆ ಗೊತ್ತಿಲ್ಲ. ಇನ್ನೊಬ್ಬರು ಮಾಡಿದ್ದರ ಮೇಲೆ ಕೈ ಹಾಕಲು ಅವರು ಹಿಂಜರಿಯುವುದು ಸಹಜ. ಹಾಕಿದರೂ ಮೊದಲ ಸಲಕ್ಕಿಂತ ಕಷ್ಟದ ಕೆಲಸ, ಒಳಗೆಲ್ಲ ಗಾಯದ ಗಂಟು. ಅದೂ ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು, ಏಕೆಂದರೆ ತುದಿಯ ಬಾವು ಪೂರ್ತಿ ಇಳಿಯಲು ಅಷ್ಟು ಕಾಲ ಹಿಡಿಯುತ್ತದೆ. ಆಪರೇಷನ್ ಮೂರು ಗಂಟೆಯದು, ಮೂಗು ನೆಲೆಗೆ ಬರುವುದು ವರ್ಷಕ್ಕೆ. ಆ ವರ್ಷಪೂರ್ತಿ ಮಾಡಿದವರ ಕೈಗೆ ಮೂಗು ಸಿಗುತ್ತಿರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಒಂದು ರಾತ್ರಿಯ ಬಸ್ಸು ಅಥವಾ ರೈಲಿನಲ್ಲಿ ಮುಟ್ಟಲಾಗದ ಊರಿನ ಸರ್ಜನ್‌ರನ್ನು ಆರಿಸಲು ಬಹಳ ದೊಡ್ಡ ಕಾರಣ ಬೇಕು.

ಹೋಗುವುದೇ ಗಟ್ಟಿಯಾದರೆ ಹೊರಡುವ ಮೊದಲೇ ಇಲ್ಲಿ ಒಬ್ಬ ಇಎನ್‌ಟಿ ಅಥವಾ ಪ್ಲಾಸ್ಟಿಕ್ ಸರ್ಜನ್‌ರನ್ನು ಕಂಡು, "ಬಂದ ಮೇಲೆ ನೋಡಿಕೊಳ್ತೀರಾ?" ಅಂತ ಕೇಳಿ ಒಪ್ಪಿಸಿ. ಬರುವಾಗ ಆಪರೇಷನ್ ವಿವರ, ಅರಿವಳಿಕೆಯ ದಾಖಲೆ, ಒಳಗೆ ಏನಾದರೂ ಇಟ್ಟಿದ್ದರೆ ಅದರ ಕಂಪನಿ ಹೆಸರು-ನಂಬರಿನ ಸ್ಟಿಕ್ಕರ್, ಆಪರೇಷನ್‌ಗೆ ಮೊದಲಿನ ಮತ್ತು ನಂತರದ ಫೋಟೋ ಎಲ್ಲ ಇಂಗ್ಲಿಷ್‌ನಲ್ಲಿ ತಗೊಂಡು ಬನ್ನಿ.

ಸೋಂಕಿನ ಬಗ್ಗೆ ಇನ್ನೊಂದು ಮಾತು. ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಅಂದದ ಆಪರೇಷನ್ ಮಾಡಿಸಿಕೊಂಡು ಬಂದ ಅಮೆರಿಕದವರಲ್ಲಿ ಕ್ಷಯದ ಕ್ರಿಮಿಯ ಬಳಗದ ಒಂದು ಸೋಂಕು ಮತ್ತೆ ಮತ್ತೆ ಕಂಡಿದೆ. ವಾರಗಳು, ತಿಂಗಳುಗಳು ಕಳೆದ ಮೇಲೆ ತಲೆ ಎತ್ತುತ್ತದೆ, ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಹಾಗಾಗಿ ತಿಂಗಳುಗಳ ಮೇಲೆ ಗಂಟು, ಕೀವು ಕಂಡರೂ ಎಲ್ಲಿ, ಯಾವಾಗ ಆಪರೇಷನ್ ಆಯಿತು ಅಂತ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ.

ತಪ್ಪಾದರೆ ಕೇಸು ಹಾಕಬಹುದೇ?

ಇಲ್ಲಿಯ ಆಸ್ಪತ್ರೆಯಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಹೊರದೇಶದ್ದಕ್ಕೆ ಅಲ್ಲಿಯ ಕಾನೂನು, ಅಲ್ಲಿಯ ವಕೀಲರು, ಅಲ್ಲಿಯ ಭಾಷೆ. ಕೊರಿಯಾದಲ್ಲಿ ಇಂಥ ಜಗಳ ಬಗೆಹರಿಸಲು 2012ರಿಂದ ಒಂದು ಸರಕಾರಿ ಸಂಸ್ಥೆ ಇದೆ, ಅಷ್ಟರಮಟ್ಟಿಗೆ ವಾಸಿ. ಹಾಗಂತ ನಮ್ಮಲ್ಲಿ ಏನೂ ಆಗುವುದಿಲ್ಲ ಅಂತಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡಿದ್ದು ನೆನಪಿರಬಹುದು. ಐಸಿಯು ಇದೆಯೇ, ಅರಿವಳಿಕೆ ತಜ್ಞರು ಯಾರು ಅನ್ನುವ ಪ್ರಶ್ನೆ ಇಲ್ಲಿಯೂ ಕೇಳಲೇಬೇಕು.

ಆಪರೇಷನ್ ಬದಲು ಇಂಜೆಕ್ಷನ್ ಸಾಕಲ್ಲವೇ?

ಫಿಲ್ಲರ್ ಅಂತ ಹೇಳುವುದು ಅದನ್ನೇ. ತಗ್ಗು ತುಂಬಿ ಮೂಗು ನೇರ ಕಾಣುವಂತೆ ಮಾಡಬಹುದು, ಸಣ್ಣದು ಮಾಡಲು ಆಗದು. ಸುಮಾರು ಒಂದು ವರ್ಷಕ್ಕೆ ಕರಗುತ್ತದೆ. ಸುಲಭ ಅಂತ ಮೋಸ ಹೋಗಬೇಡಿ. ಅದು ಆಕಸ್ಮಾತ್ ರಕ್ತನಾಳದೊಳಗೆ ಹೋದರೆ ಮೂಗಿನ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು. ಬ್ಯೂಟಿ ಪಾರ್ಲರ್‌ನಲ್ಲಿ ಯಾವ ಕಾರಣಕ್ಕೂ ಬೇಡ.

ಮಗಳಿಗೆ ವರ ನೋಡುತ್ತಿದ್ದೇವೆ. ಅಷ್ಟರೊಳಗೆ ಮಾಡಿಸಬಹುದೇ?

ಅವ್ವಂದಿರೇ ಹೆಚ್ಚಾಗಿ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಮಗಳು ಏನಂತಾಳೆ? ಎಷ್ಟೋ ಸಲ ಮಗಳು ಪಕ್ಕದಲ್ಲೇ ಮೊಬೈಲ್ ನೋಡುತ್ತ ಕೂತಿರುತ್ತಾಳೆ, ಅವಳಿಗೆ ತನ್ನ ಮೂಗಿನ ಮೇಲೆ ತಕರಾರೇ ಇರುವುದಿಲ್ಲ. ಅವಳಿಗೆ ಬೇಡದಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ಅವಳಿಗೇ ಬೇಕಿದ್ದರೆ, ಮುಖದ ಬೆಳವಣಿಗೆ ಮುಗಿದಿರಬೇಕು. ಹುಡುಗಿಯರಿಗೆ ಸುಮಾರು 15-16, ಹುಡುಗರಿಗೆ 17-18. 18 ದಾಟಿ ಸ್ವಂತ ಬುದ್ಧಿಯಿಂದ ನಿರ್ಧರಿಸಲಿ ಅನ್ನುವುದು ನನ್ನ ಮಾತು. ಮುಹೂರ್ತ ಇಟ್ಟ ಮೇಲೆ ಅವಸರ ಬೇಡ. ಮೂರು ತಿಂಗಳಾದರೂ ಬಾವು ಫೋಟೋದಲ್ಲಿ ಕಾಣಬಹುದು.

ಸೆಲ್ಫಿ ನೋಡಿ ಮೂಗು ದಪ್ಪ ಅಂದುಕೊಳ್ಳಬೇಡಿ. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಐದು ಅಡಿ ದೂರದಿಂದ ಬೇರೆಯವರಿಂದ ತೆಗೆಸಿ ನೋಡಿ. ಇನ್ನು, ಯಾರಿಗೂ ಕಾಣದ ಕೊರತೆ ತನಗೊಬ್ಬಳಿಗೇ ಕಂಡು, ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ಕಳೆಯುತ್ತ, ಕಾಲೇಜು ಬಿಡುವ ಮಟ್ಟಕ್ಕೆ ಹೋಗಿದ್ದರೆ ಅದು ಮೂಗಿನ ತೊಂದರೆಯಲ್ಲ, ಮನಸ್ಸಿನದು. ಆಪರೇಷನ್‌ನಿಂದ ಅದು ಹೋಗುವುದೂ ಇಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಅಥವಾ ಸರಕಾರದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಅಲ್ಲಿಗೆ ಹೋದರೆ ಹುಚ್ಚು ಅಂತಾರೆ ಅನ್ನುವ ಕಾಲ ಹೋಯಿತು, ಹೋಗಿಲ್ಲದಿದ್ದರೆ ಆ ಕಾಲವನ್ನು ನಾವೇ ಕಳಿಸಬೇಕು.

ಯಾರಿಗೂ ಹೇಳದೆ ಒಬ್ಬಳೇ ಹೋಗಿ ಬರಬಹುದೇ?

ಬೇಡ. ಅರಿವಳಿಕೆಯ ನಂತರ ಮೊದಲ ರಾತ್ರಿ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಊರಿಗೆಲ್ಲ ಹೇಳಬೇಕಿಲ್ಲ, ಮನೆಯ ಒಬ್ಬರಿಗಾದರೂ ಆಸ್ಪತ್ರೆಯ ಹೆಸರು, ಫೋನ್ ನಂಬರ್ ಗೊತ್ತಿರಲಿ.

ಆಪರೇಷನ್ ಆದ ಮೇಲೆ ಊಟ, ಓಡಾಟ ಹೇಗಿರಬೇಕು?

ಮೊದಲ ವಾರ-ಹತ್ತು ದಿನ ಕಡಕ್ ರೊಟ್ಟಿ ಬಿಡಿ. ಅಗಿಯುವಾಗ ಮೇಲಿನ ತುಟಿ ಎಳೆಯುತ್ತದೆ. ಮೆತ್ತನೆ ಅನ್ನ, ಉಪ್ಪಿಟ್ಟು ನಡೆಯುತ್ತದೆ. ಮಿರ್ಚಿ ಭಜಿಯ ಖಾರಕ್ಕೆ ಮೂಗು ಸೋರುತ್ತದೆ, ಎರಡು ವಾರ ಜೋರಾಗಿ ಸಿಂಬಳ ತೆಗೆಯುವ ಹಾಗಿಲ್ಲ. ಸೀನು ಬಂದರೆ ಬಾಯಿ ತೆರೆದು ಸೀನಿ. ಬ್ಯಾಡಗಿ ಕಡೆಯವರು ಮೆಣಸಿನಕಾಯಿ ಮಾರುಕಟ್ಟೆ ನಡೆಯುವ ದಿನ ಆ ದಾರಿ ಹಿಡಿಯಲೇಬೇಡಿ. ರಂಗಪಂಚಮಿಯ ಬಣ್ಣವೂ ಆ ವರ್ಷ ಬೇಡ.

ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಹಾಕಿದ ಎಲೆಅಡಿಕೆ ಎಲ್ಲವನ್ನೂ ಆಪರೇಷನ್‌ಗೆ ಮೊದಲೂ ಆಮೇಲೂ ನಾಲ್ಕು ನಾಲ್ಕು ವಾರ ಬಿಡಬೇಕು. ನಿಕೋಟಿನ್ ರಕ್ತನಾಳ ಕಿರಿದು ಮಾಡಿ ಗಾಯ ಮಾಗಲು ಬಿಡುವುದಿಲ್ಲ. "ಸೇದೂದಿಲ್ಲ, ಬರೀ ಗುಟ್ಕಾರಿ" ಅನ್ನುವವರೂ ಇದ್ದಾರೆ. ಅದರಲ್ಲೂ ಅದೇ ನಿಕೋಟಿನ್. ಆಸ್ಪಿರಿನ್‌ನಂಥ ಗುಳಿಗೆ, ನಾಟಿ ಔಷಧಿ ಏನೇ ತಗೊಳ್ಳುತ್ತಿದ್ದರೂ ಸರ್ಜನ್‌ಗೆ ಮೊದಲೇ ಹೇಳಿ. ನಸ್ಯ, ನೇತಿ ಸದ್ಯಕ್ಕೆ ನಿಲ್ಲಲಿ. ಚಾಳೀಸು ಹಾಕುವವರು ನಾಲ್ಕರಿಂದ ಆರು ವಾರ ಅದರ ಭಾರ ದಿಂಡಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಮೂಗುಬಟ್ಟು ಮತ್ತೆ ಯಾವಾಗ ಹಾಕಬಹುದು?

ಆಪರೇಷನ್‌ಗೆ ಮೊದಲು ತೆಗೆಯಲೇಬೇಕು. ಮತ್ತೆ ಹಾಕುವುದು ಸರ್ಜನ್ ಹೇಳಿದ ಮೇಲೆ, ಕೆಲವು ವಾರದಿಂದ ಕೆಲವು ತಿಂಗಳು ಬೇಕಾಗಬಹುದು. ಅಷ್ಟರಲ್ಲಿ ತೂತು ಮುಚ್ಚಿಕೊಳ್ಳಬಹುದು. ಹೊಳ್ಳೆ ಸಣ್ಣದು ಮಾಡಿಸಿದ್ದರೆ ಹಳೆಯ ಜಾಗ ಸರಿ ಹೊಂದದೆಯೂ ಹೋಗಬಹುದು. ಹಾಗಾಗಿ ಆಪರೇಷನ್‌ಗೆ ಮೊದಲೇ ಚುಚ್ಚಿಸಿದ ಜಾಗ ತೋರಿಸಿ ಕೇಳಿಬಿಡಿ.

ಮುಖ ಬದಲಾದರೆ ಪಾಸ್‌ಪೋರ್ಟ್ ಫೋಟೋ ಗತಿ?

ಉಬ್ಬು ಇಳಿಸಿದಷ್ಟಕ್ಕೆ ಸಾಮಾನ್ಯವಾಗಿ ತೊಂದರೆಯಾಗದು. ವಾಪಸ್ ಬರುವ ದಿನ ಬಾವು-ಪಟ್ಟಿ ಇರುವುದರಿಂದ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸ್‌ನಲ್ಲಿ ಅಲ್ಲ. ಗುರುತು ಸಿಗದಷ್ಟು ಬದಲಾಗಿದ್ದರೆ ಚಹರೆ ಬದಲಾವಣೆ ಅಂತ ಕಾರಣ ಕೊಟ್ಟು ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಬಹುದು. ಅದಕ್ಕೂ ಬಾವು ಪೂರ್ತಿ ಇಳಿಯಲಿ, ಇಲ್ಲದಿದ್ದರೆ ಆ ಫೋಟೋವೂ ನಿಮ್ಮದಾಗಿರುವುದಿಲ್ಲ.